ಹಡರ್ಸ್‌ಫೀಲ್ಡ್ ಜಯಂಟ್ಸ್ ಪಂದ್ಯಕ್ಕೆ ಹೋಗುವ ಸದಸ್ಯರಿಗೆ ಸೂಚನೆ

ಮಾನ್ಯ ಸದಸ್ಯರೇ,

ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಊರಿನ ರಗ್ಬಿ ಲೀಗ್ ತಂಡವಾದ ಜಯಂಟ್ಸ್‌ನ ಮುಂದಿನ ತವರು ಪಂದ್ಯಕ್ಕೆ ಟಿಕೆಟ್ ಕೊಳ್ಳುವವರೆಲ್ಲರೂ ದಯವಿಟ್ಟು ಒಂದೇ ಸ್ಟ್ಯಾಂಡ್‌ನಲ್ಲಿ ಆಸನ ಪಡೆಯಬೇಕೆಂದು ವಿನಂತಿ. ಹಡರ್ಸ್‌ಫೀಲ್ಡ್ ಟೌನ್ ಫುಟ್‌ಬಾಲ್ ಕ್ಲಬ್ಬಿನೊಂದಿಗೆ ಹಂಚಿಕೊಂಡಿರುವ, 1994ರಲ್ಲಿ ತೆರೆದ ಈ ಕ್ರೀಡಾಂಗಣದಲ್ಲಿ ಸುಮಾರು 24,000 ಆಸನಗಳಿದ್ದು, ರಗ್ಬಿ ಲೀಗ್ ನೋಡಲು ಕೆಲವೇ ಸಾವಿರ ಜನ ಬರುವುದರಿಂದ, ಅಲ್ಲೊಬ್ಬರು ಇಲ್ಲೊಬ್ಬರು ಕುಳಿತರೆ ನಮ್ಮ ಕೂಗು ಆಟಗಾರರ ಕಿವಿಗೆ ತಲುಪುವುದೇ ಇಲ್ಲ. ಕಳೆದ ಸಲ ನನ್ನ ಮುಂದಿನ ಸಾಲಿನಲ್ಲಿದ್ದವರು ಕೊರಳಿಗೆ ಕ್ಲಬ್ಬಿನ ಮಫ್ಲರ್ ಸುತ್ತಿಕೊಂಡ ಅಜ್ಜ ಒಬ್ಬರೇ; ತಂಡ ಸೋಲುತ್ತಿದ್ದರೂ ಅವರು ಕೊನೆಯ ಶಿಳ್ಳೆಯವರೆಗೆ ಎದ್ದು ಹೋಗಲಿಲ್ಲ.

1895ರಲ್ಲಿ ಇದೇ ಊರಿನ ಜಾರ್ಜ್ ಹೋಟೆಲಿನಲ್ಲಿ ಸಭೆ ಸೇರಿದ ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು, ಕೂಲಿ ಬಿಟ್ಟು ಆಡಲು ಬರುವ ಕಾರ್ಮಿಕರಿಗೆ ಆ ದಿನದ ಪರಿಹಾರ ಸಿಗಬೇಕೆಂದು ಪಟ್ಟು ಹಿಡಿದು ರಗ್ಬಿ ಆಟದ ಆಡಳಿತ ಸಂಸ್ಥೆಯಿಂದ ಹೊರನಡೆದಾಗ ಹುಟ್ಟಿದ ಆಟ ಈ ರಗ್ಬಿ ಲೀಗ್. ಅಂಥ ಊರಿನಲ್ಲಿಯೇ ಈ ಕ್ಲಬ್ಬು ಸೊರಗುವುದನ್ನು ಸುಮ್ಮನೆ ನೋಡುತ್ತಿರಲು ನನಗಂತೂ ಮನಸ್ಸಾಗದು.

ಆಗಸ್ಟ್‌ನಿಂದ ಟೌನ್ ತಂಡದ ಪಂದ್ಯಗಳೂ ಅದೇ ಹುಲ್ಲಿನ ಮೇಲೆ ನಡೆಯುವುದರಿಂದ, ಮನೆಯಿಂದ ಹೊರಡುವ ಮುನ್ನ ದಿನಾಂಕ ಮತ್ತು ಸಮಯವನ್ನು ಮತ್ತೊಮ್ಮೆ ಪರಿಶೀಲಿಸಿಕೊಳ್ಳಿ. ಬರುವವರು ತಮ್ಮ ಹೆಸರನ್ನು ಗುರುವಾರದೊಳಗೆ ಇಲ್ಲಿಯೇ ತಿಳಿಸಬೇಕು.