304 ಸ್ಟೀಲ್ ಎಂದು ಬಿಲ್ ಬರೆದು ತುಕ್ಕು ಹಿಡಿಯುವ ಬೇಸನ್ ಕಳಿಸಿದ್ದೀರಿ

ಹಾಸನ
ನವೆಂಬರ್ 12

ಗೆ,
ಗ್ರಾಹಕರ ದೂರು ವಿಭಾಗ,
ಹೋಟೆಲ್ ಪಾತ್ರೆಗಳ ಕಂಪನಿ,
ಬೆಂಗಳೂರು

ವಿಷಯ: ಆಗಸ್ಟ್‌ನಲ್ಲಿ ಕೊಂಡ ಆರು ಕಲಸುವ ಬೇಸನ್‌ಗಳನ್ನು ವಾಪಸ್ ತೆಗೆದುಕೊಳ್ಳುವ ಬಗ್ಗೆ

ಮಾನ್ಯರೇ,

ಹಾಸನದ ಬಸ್ ಸ್ಟ್ಯಾಂಡ್ ಹತ್ತಿರ ನಾನು ಒಂದು ಚಿಕ್ಕ ಮೆಸ್ ನಡೆಸುತ್ತಿದ್ದೇನೆ. ಬೆಳಿಗ್ಗೆ ಅಕ್ಕಿ ರೊಟ್ಟಿ, ಇಡ್ಲಿ, ಚಿತ್ರಾನ್ನ, ಪುಳಿಯೋಗರೆ. ಮಧ್ಯಾಹ್ನ ಮುದ್ದೆ ಊಟ. ನಾನು, ನಮ್ಮ ಯಜಮಾನರು, ಹಿಟ್ಟು ಕಲಸಲು ಒಬ್ಬ ಅಕ್ಕ, ಪಾತ್ರೆ ತೊಳೆಯಲು ಒಬ್ಬ ಹುಡುಗ, ಇಷ್ಟೇ ಜನ. ಮನೆ ನಡೆಯುವುದು ಇದರಿಂದಲೇ.

ಪಾತ್ರೆಯನ್ನು ನಾನು ಯಾವಾಗಲೂ ಊರಿನ ಅಂಗಡಿಯಲ್ಲೇ ಕೊಳ್ಳುತ್ತಿದ್ದೆ. ಬೆರಳಲ್ಲಿ ಬಡಿದು ನೋಡಿ, ತೂಕ ಹಾಕಿಸಿ, ಕೆಜಿ ಲೆಕ್ಕದಲ್ಲಿ ತರುವುದು ನಮ್ಮ ರೂಢಿ. ಈ ಸಲ ಮಾತ್ರ ಒಂದರೊಳಗೊಂದು ಕೂರುವ ಬೇಸನ್‌ಗಳು ಬೇಕಿದ್ದವು, ನಮ್ಮ ಅಡುಗೆಮನೆಯಲ್ಲಿ ಜಾಗ ಕಡಿಮೆ. ನಿಮ್ಮ ಕ್ಯಾಟಲಾಗ್‌ನಲ್ಲಿ ಸಿಕ್ಕಿತು. 304 ಸ್ಟೀಲ್ (ಹುಳಿ, ಉಪ್ಪು ಚೆನ್ನಾಗಿ ತಡೆಯುವ ದರ್ಜೆ), ತಗಡಿನ ದಪ್ಪ 18 ಗೇಜ್, ದೊಡ್ಡದು 20 ಲೀಟರ್, ಚಿಕ್ಕದು 10 ಲೀಟರ್ ಎಂದು ಬರೆದಿತ್ತು. ದೊಡ್ಡದು ನಾಲ್ಕು, ಚಿಕ್ಕದು ಎರಡು ತರಿಸಿದೆ. ತೆರಿಗೆ ಸೇರಿ 7,600 ರೂಪಾಯಿ, ಲಾರಿ ಬಾಡಿಗೆ 350. ಬಿಲ್‌ನಲ್ಲೂ 304 ಎಂದೇ ಇದೆ. ಅದರ ನಕಲು ಈ ಪತ್ರದ ಜೊತೆಗಿದೆ.

ನಾನು 304 ಕೇಳಿದ್ದು ಸುಮ್ನೆ ಅಲ್ಲ. ನಮ್ಮ ಬೇಸನ್‌ನಲ್ಲಿ ಬರೀ ಹಿಟ್ಟು ಕಲಸುವುದಿಲ್ಲ. ಪುಳಿಯೋಗರೆ ಗೊಜ್ಜು ಹಾಕಿ ಅನ್ನ ಕಲಸುತ್ತೇವೆ, ಹುಣಸೆಹುಳಿಯೂ ಇದೆ, ಉಪ್ಪೂ ಇದೆ. ಚಿತ್ರಾನ್ನಕ್ಕೆ ನಿಂಬೆಹುಳಿ. ಇಡ್ಲಿ ಹಿಟ್ಟು ರಾತ್ರಿಯೆಲ್ಲ ಹುಳಿ ಬರುತ್ತಾ ಅದರಲ್ಲೇ ಇರುತ್ತದೆ. ಅಲ್ಯೂಮಿನಿಯಂ ಆದರೆ ಹುಳಿ ಅದನ್ನು ತಿನ್ನುತ್ತದೆ, ಹಿಟ್ಟಿನ ಬಣ್ಣವೂ ಕೆಡಬಹುದು. ಅದಕ್ಕೇ ಕಾಸು ಜಾಸ್ತಿ ಆದರೂ ಒಳ್ಳೆ ಸ್ಟೀಲ್ ಬೇಕು ಅಂದೆ.

ಮೊದಲು ಕಣ್ಣಿಗೆ ಬಿದ್ದದ್ದು ಸೆಪ್ಟೆಂಬರ್ ಕೊನೆಯಲ್ಲಿ. ರಾತ್ರಿ ತೊಳೆದು ಬೇಸನ್‌ಗಳನ್ನು ಬಿಳಿ ಪಂಚೆಯ ಮೇಲೆ ಬೋರಲು ಹಾಕಿದ್ದೆವು. ಬೆಳಿಗ್ಗೆ ಎತ್ತಿದರೆ ಪಂಚೆ ಮೇಲೆ ದುಂಡಗೆ ಕಂದು ಗೆರೆ, ಬಳೆ ಇಟ್ಟು ಬರೆದ ಹಾಗೆ. ಬೇಸನ್‌ನ ಒಳಗೆ ನೋಡಿದೆ, ಏನೂ ಇಲ್ಲ, ಫಳಫಳ ಅಂತಿದೆ. ಆಮೇಲೆ ಕಂಠವನ್ನು ತಿರುಗಿಸಿ ನೋಡಿದೆ. ತಗಡನ್ನು ಹೊರಗೆ ಸುರುಳಿ ಸುತ್ತಿ ಕಂಠ ಮಾಡಿದ್ದೀರಿ, ಆದರೆ ಸುರುಳಿ ಪೂರ್ತಿ ಮುಚ್ಚಿಲ್ಲ. ಸುತ್ತಲೂ ಉಗುರು ತೂರುವಷ್ಟು ಸಂದಿ. ಪಿನ್ನು ಹಾಕಿ ಎಳೆದೆ. ಹಳೇ ಹಿಟ್ಟು ಬಂತು, ಬೂದು ಬಣ್ಣ, ಕಮಟು ವಾಸನೆ. ಅದರ ಹಿಂದೆಯೇ ತುಕ್ಕಿನ ನೀರು.

ಪಿನ್ನು ಹಾಕಿದಲ್ಲೆಲ್ಲ ಇದೇ ಬಂತು. ದಿನಾ ಸೋಪು ಹಾಕಿ, ನಾರಿನಿಂದ ತಿಕ್ಕಿ, ಬಿಸಿನೀರಲ್ಲಿ ಜಾಲಿಸಿದ ಪಾತ್ರೆ ಇದು. ತೊಳೆಯುವ ಹುಡುಗನಿಗೆ ಬೈಯಲು ಹೋಗಿದ್ದೆ, ಪಾಪ, ಅವನದೇನೂ ತಪ್ಪಿರಲಿಲ್ಲ. ಆ ಸಂದಿಗೆ ಯಾವ ನಾರೂ ಹೋಗುವುದಿಲ್ಲ. ಹೋಟೆಲ್‌ಗೆ ಕೊಡುವ ಪಾತ್ರೆಯ ಕಂಠ ಒಂದೋ ಪೂರ್ತಿ ಮುಚ್ಚಿರಬೇಕು, ಇಲ್ಲ ಪೂರ್ತಿ ತೆರೆದು ಕೈಗೆ ಸಿಗುವ ಹಾಗಿರಬೇಕು. ಜನಕ್ಕೆ ಅನ್ನ ಹಾಕುವ ಪಾತ್ರೆ ಅಲ್ವಾ ಇದು?

ಆಗಲೇ ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಮಾತಾಡಿದವರು, "ಮೇಡಂ, ಆಯಸ್ಕಾಂತ ಹಿಡಿದು ನೋಡಿ, ಅಂಟಲಿಲ್ಲ ಅಂದರೆ ಅದು 304 ಸ್ಟೀಲೇ" ಅಂದರು. ಹಿಡಿದೆ, ಅಂಟಲಿಲ್ಲ. ಸುಮ್ಮನಾದೆ. ಅದೇ ನಾನು ಮಾಡಿದ ತಪ್ಪು.

ಅಕ್ಟೋಬರ್‌ನಲ್ಲಿ ಹಾಸನಾಂಬೆ ಬಾಗಿಲು ತೆಗೆದರು. ವರ್ಷಕ್ಕೊಮ್ಮೆ, ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರದಿಂದ ಕೆಲವೇ ದಿನ ದರ್ಶನ. ಆ ದಿನಗಳಲ್ಲಿ ಊರಿಗೆ ಬರುವ ಜನ ನೀವು ನೋಡಿರಬಹುದು. ನಮ್ಮಂಥ ಚಿಕ್ಕ ಮೆಸ್‌ಗೆ ನಾಲ್ಕು ಕಾಸು ಉಳಿಯುವುದು ಆಗಲೇ. ಎರಡನೇ ದಿನ ಬೆಳಿಗ್ಗೆ ಆರು ಗಂಟೆಗೆ ಹಿಟ್ಟು ಕಲಸುತ್ತಿದ್ದ ಅಕ್ಕ ನನ್ನನ್ನು ಕರೆದರು. ಆರು ಕೆಜಿ ಅಕ್ಕಿ ಹಿಟ್ಟು, ಈರುಳ್ಳಿ, ಸಬ್ಬಸಿಗೆ ಸೊಪ್ಪು, ತೆಂಗಿನತುರಿ ಎಲ್ಲ ಹಾಕಿ ಕಲಸಿ ಆಗಿತ್ತು. ಬಿಳೀ ಹಿಟ್ಟಿನ ಅಂಚಿನಲ್ಲಿ ಕಂದು ಗೀರು. ಅವರ ಮುಂಗೈ ಕಂಠಕ್ಕೆ ಉಜ್ಜಿದ ಕಡೆ ಒಳಗಿನ ತುಕ್ಕು ಹಿಟ್ಟಿಗೆ ಇಳಿದಿತ್ತು. ಹೊರಗೆ ರೊಟ್ಟಿಗೆ ಜನ ಕಾಯುತ್ತಿದ್ದರು. ಅಷ್ಟನ್ನೂ ಎಸೆದೆ. ಗೀರು ಬಿದ್ದಷ್ಟು ತೆಗೆದು ಉಳಿದದ್ದು ಬಳಸು ಅಂತ ಯಾರೂ ಹೇಳಲಿಲ್ಲ, ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ. ದೇವಿ ದರ್ಶನಕ್ಕೆ ಅಂತ ದೂರದಿಂದ ಬಂದವರಿಗೆ ತುಕ್ಕು ಬೆರೆತ ರೊಟ್ಟಿ ಬಡಿಸಲು ಕೈ ಬರುತ್ತದೆಯೇ? ಅವತ್ತು ಒಂಬತ್ತು ಗಂಟೆಯವರೆಗೂ ನಮ್ಮಲ್ಲಿ ರೊಟ್ಟಿ ಇರಲಿಲ್ಲ.

ದೀಪಾವಳಿ ಮುಗಿದ ಮೇಲೆ ಊರಿನ ಸ್ಟೀಲ್ ಅಂಗಡಿಗೆ ನಿಮ್ಮ ದೊಡ್ಡ ಬೇಸನ್ ಒಂದನ್ನು, ಒಂಬತ್ತು ವರ್ಷದಿಂದ ಬಳಸುತ್ತಿರುವ ನನ್ನ ಹಳೇ ಬೇಸನ್ ಒಂದನ್ನು ತೆಗೆದುಕೊಂಡು ಹೋದೆ. ಸ್ಟೀಲ್ ಪರೀಕ್ಷೆ ಮಾಡುವ ದ್ರಾವಣ ಅವರಲ್ಲಿತ್ತು. ಒಂದು ಹನಿ ಬಿಟ್ಟು 9 ವೋಲ್ಟ್ ಬ್ಯಾಟರಿ ತಾಗಿಸಿದರು. ನಿಮ್ಮ ಬೇಸನ್ ಮೇಲಿನ ಹನಿ ಕೆಂಪಾಯಿತು. ನನ್ನ ಹಳೇ ಬೇಸನ್ ಮೇಲೆ ಕೆಂಪಾಗಲಿಲ್ಲ. ಕೆಂಪು ಬಂದರೆ ಮ್ಯಾಂಗನೀಸ್ ಜಾಸ್ತಿ ಇರುವ 200 ಸರಣಿಯ ಸ್ಟೀಲ್ ಎಂದು ಅರ್ಥ. 304ರಲ್ಲಿ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್ ಇರುತ್ತದೆ. ನಿಕ್ಕಲ್ ದುಬಾರಿ. ಅದನ್ನು ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದರೆ 201, 202 ಆಗುತ್ತದೆ. ನೋಡಲು ಒಂದೇ ಹೊಳಪು, ಆದರೆ ಹುಳಿ, ಉಪ್ಪು ತಡೆಯುವ ಶಕ್ತಿ ಕಡಿಮೆ. ಆಯಸ್ಕಾಂತ ಸಾಮಾನ್ಯವಾಗಿ ಇದಕ್ಕೂ ಅಂಟುವುದಿಲ್ಲ. ನಿಮ್ಮವರು ಫೋನಿನಲ್ಲಿ ಹೇಳಿದ ಪರೀಕ್ಷೆಯಿಂದ ಈ ಎರಡರಲ್ಲಿ ಯಾವುದು ಎಂದು ಗೊತ್ತಾಗುವುದೇ ಇಲ್ಲ. ಪಾತ್ರೆ ಮಾಡುವವರಿಗೆ ಇದು ತಿಳಿದಿರಬೇಕಲ್ಲ?

ಅಲ್ಲೇ ತೂಕವನ್ನೂ ಹಾಕಿಸಿದೆ. ಬಾಯಿ ಅಗಲ, ಆಳ ಎರಡೂ ಹೆಚ್ಚುಕಡಿಮೆ ಒಂದೇ ಇದ್ದರೂ ನನ್ನ ಹಳೇ ಬೇಸನ್ 2 ಕೆಜಿ 400 ಗ್ರಾಂ ಇದೆ, ನಿಮ್ಮದು 1 ಕೆಜಿ 450 ಗ್ರಾಂ. ಗೇಜ್ ನಂಬರ್ ಜಾಸ್ತಿ ಆದಷ್ಟೂ ತಗಡು ತೆಳು. 18 ಗೇಜ್ ಎಂದರೆ ಸುಮಾರು 1.2 ಮಿಲಿಮೀಟರ್. ನಿಮ್ಮದು ತೂಕದ ಲೆಕ್ಕದಲ್ಲಿ 22 ಗೇಜ್ ಹತ್ತಿರ ಬರುತ್ತದೆ, ಅಂದರೆ 0.7 ಮಿಲಿಮೀಟರ್. ಹಿಟ್ಟು ನಾದುವಾಗ ಪಕ್ಕ ಒಳಗೆ ಹೋಗಿ ಟಣ್ ಅಂತ ವಾಪಸ್ ಬರುತ್ತಿದ್ದದ್ದು ಯಾಕೆ ಅಂತ ಆಗ ತಿಳಿಯಿತು.

20 ಲೀಟರ್ ಎಂಬುದೂ ಸರಿಯಿಲ್ಲ. ಲೀಟರ್ ಅಳತೆಯಲ್ಲಿ ನೀರು ಹಾಕಿ ನೋಡಿದೆ, 17ಕ್ಕೆ ಕಂಠದಿಂದ ಚೆಲ್ಲಿತು. ಇಡ್ಲಿ ಹಿಟ್ಟು ಉಬ್ಬಲು ಜಾಗ ಬಿಡಬೇಕು ಅಂತಲೇ ನಾನು ದೊಡ್ಡದು ಆರಿಸಿದ್ದು. ಒಂದು ರಾತ್ರಿ ಉಕ್ಕಿ ನೆಲವೆಲ್ಲ ಹಿಟ್ಟಾಗಿತ್ತು. ತಳವೂ ಚಿಕ್ಕದು, ಅಡಿಯಲ್ಲಿ ಒದ್ದೆ ಬಟ್ಟೆ ಹಾಕದಿದ್ದರೆ ತಿರುಗುತ್ತದೆ.

ಹೋದ ವಾರ ಮತ್ತೆ ಫೋನ್ ಮಾಡಿದಾಗ ನಿಮ್ಮವರು, "ನಿಮ್ಮ ನೀರು ಸರಿಯಿಲ್ಲ, ಪಾತ್ರೆಯಲ್ಲಿ ಉಪ್ಪು ಹಾಗೇ ಬಿಟ್ಟಿರುತ್ತೀರಿ" ಅಂದರು. ಉಪ್ಪು ಕೂತರೆ, ಬ್ಲೀಚಿಂಗ್ ಪೌಡರ್ ತಾಗಿದರೆ 304ಕ್ಕೂ ಚುಕ್ಕೆ ಬೀಳುತ್ತದೆ, ಅದು ನನಗೆ ಗೊತ್ತಿದೆ. ನಮ್ಮಲ್ಲಿ ಬ್ಲೀಚಿಂಗ್ ಪೌಡರ್ ಪಾತ್ರೆಯ ಹತ್ತಿರ ಬರುವುದೇ ಇಲ್ಲ. ಅದೇ ನೀರು, ಅದೇ ಉಪ್ಪು, ಅದೇ ಕೈ, ನನ್ನ ಹಳೇ ಬೇಸನ್‌ಗೆ ಒಂಬತ್ತು ವರ್ಷದಲ್ಲಿ ಒಂದು ಚುಕ್ಕೆ ಇಲ್ಲ.

ಆರೂ ಬೇಸನ್‌ಗಳನ್ನು ನಿಮ್ಮ ಖರ್ಚಿನಲ್ಲಿ ವಾಪಸ್ ತೆಗೆದುಕೊಳ್ಳಿ. ಲಾರಿ ಬಾಡಿಗೆ ಸೇರಿ 7,950 ರೂಪಾಯಿ ನನ್ನ ಖಾತೆಗೆ ಹಾಕಿ. ಬದಲಿ ಬೇಸನ್ ಕಳಿಸುವುದಾದರೆ ಗ್ರೇಡ್, ಗೇಜ್, ತೂಕ, ಕಂಠದವರೆಗಿನ ಲೀಟರ್ ಅಳತೆ ಇಷ್ಟನ್ನೂ ಬಿಲ್‌ನಲ್ಲಿ ಬರೆದು, ಮೊದಲು ಒಂದೇ ಒಂದು ಕಳಿಸಿ. ನಾನು ಹನಿ ಬಿಟ್ಟು ನೋಡಿ ಆಮೇಲೆ ಹೇಳುತ್ತೇನೆ. ಎಸೆದ ಹಿಟ್ಟಿನ ದುಡ್ಡು ನಾನು ಕೇಳುತ್ತಿಲ್ಲ. ಆದರೆ ಇದೇ ಬೇಸನ್ ಬೇರೆ ಎಷ್ಟು ಹೋಟೆಲ್‌ಗೆ ಹೋಗಿದೆಯೋ ಅವರಿಗೆಲ್ಲ ನೀವೇ ಫೋನ್ ಮಾಡಿ, ಕಂಠದ ಸಂದಿ ನೋಡಲು ಹೇಳಿ. ಇದನ್ನು ಕೈ ಮುಗಿದು ಕೇಳುತ್ತಿದ್ದೇನೆ.

ಹದಿನೈದು ದಿನದೊಳಗೆ ಉತ್ತರ ಬರದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಬರೆಸುತ್ತೇನೆ, ಆಮೇಲೆ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ. ವ್ಯಾಪಾರಕ್ಕೆ ಕೊಂಡವರು ಗ್ರಾಹಕರಲ್ಲ ಎಂದು ನಿಮ್ಮವರು ಹೇಳಿದರು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಮಾತ್ರ ಕೊಂಡವರೂ ಗ್ರಾಹಕರೇ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿದೆ.

ಕಂಠದ ಫೋಟೋ, ತಕ್ಕಡಿಯ ಫೋಟೋ, ಗೆರೆ ಬಿದ್ದ ಪಂಚೆಯ ಫೋಟೋ ಲಗತ್ತಿಸಿದ್ದೇನೆ. ಬೇಸನ್‌ಗಳನ್ನು ತೊಳೆದು ಗೋಣಿಚೀಲದಲ್ಲಿ ಕಟ್ಟಿಟ್ಟಿದ್ದೇನೆ. ಮಧ್ಯಾಹ್ನ ಮೂರರ ಮೇಲೆ ಯಾವತ್ತು ಬಂದರೂ ಕೊಡುತ್ತೇನೆ.

ಇಂತಿ,
ಮೆಸ್ ಮಾಲೀಕಳು,
ಹಾಸನ