ಟಿಕ್ ಇದೆ, ಅಳತೆ ಇಲ್ಲ: ಛಾವಣಿ ಯೂನಿಟ್ ಸರ್ವಿಸ್ ಬಗ್ಗೆ ದೂರು

ಇವರಿಗೆ,
ಸರ್ವಿಸ್ ವಿಭಾಗದ ಮುಖ್ಯಸ್ಥರು

ಇಂದ,
ಕಟ್ಟಡದ ಮೇಲ್ವಿಚಾರಕ

ವಿಷಯ: ನಮ್ಮ ಛಾವಣಿ ಮೇಲಿನ 10 ಟನ್ ಕೂಲಿಂಗ್ ಸಾಮರ್ಥ್ಯದ ಹೀಟಿಂಗ್-ಕೂಲಿಂಗ್ ಯೂನಿಟ್‌ಗೆ ಮಾಡಿದ ತಪ್ಪು ಸರ್ವಿಸ್ ಮತ್ತು ಸುರಕ್ಷಾ ಸ್ವಿಚ್‌ಗೆ ವೈರ್ ಜೋಡಿಸಿ ಬಿಟ್ಟುಹೋದ ಬಗ್ಗೆ

ಮಾನ್ಯರೆ,

ಈ ಪತ್ರದ ಜೊತೆ ಒಂದು ಫೋಟೋ ಇಟ್ಟಿದ್ದೇನೆ. ಮೊದಲು ಅದನ್ನು ನೋಡಿ. ಗೇಣುದ್ದದ ನೀಲಿ ವೈರ್, ಎರಡೂ ತುದಿಯಲ್ಲಿ ಕ್ಲಿಪ್. ನಮ್ಮ ಯೂನಿಟ್‌ನ ಬರ್ನರ್ ಭಾಗದಲ್ಲಿ ಲಿಮಿಟ್ ಸ್ವಿಚ್ ಇದೆಯಲ್ಲ, ಅದರ ಎರಡು ಟರ್ಮಿನಲ್‌ಗಳನ್ನು ಈ ವೈರ್ ನೇರವಾಗಿ ಜೋಡಿಸಿತ್ತು. ಹಾಕಿದವರು ನಿಮ್ಮ ಟೆಕ್ನಿಷಿಯನ್. ತೆಗೆದವರು ಬೇರೆಯವರು. ನಡುವೆ 9 ದಿನ ಕಳೆದಿತ್ತು. ಆ 9 ದಿನವೂ ಕೆಳಗಿನ ಎರಡು ಮಹಡಿಯಲ್ಲಿ ಜನ ಕೂತು ಕೆಲಸ ಮಾಡುತ್ತಿದ್ದರು.

ಲಿಮಿಟ್ ಸ್ವಿಚ್ ಯಾಕಿದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ನೀವು ಕಳಿಸಿದವರಿಗೆ ಅದು ಬರೀ ತೊಂದರೆ ಕೊಡುವ ಸ್ವಿಚ್ ಆಗಿ ಕಂಡಿದೆ. ಬರ್ನರ್ ಉರಿಯುವಾಗ ಹೀಟ್ ಎಕ್ಸ್‌ಚೇಂಜರ್ ಮೇಲೆ (ಒಳಗೆ ಉರಿದ ಹೊಗೆ, ಹೊರಗೆ ಕೋಣೆಯ ಗಾಳಿ ಹರಿಯುವ ಲೋಹದ ಭಾಗ) ಸಾಕಷ್ಟು ಗಾಳಿ ಹರಿಯದಿದ್ದರೆ ಅದರ ಲೋಹ ಮಿತಿ ಮೀರಿ ಕಾಯುತ್ತದೆ. ಆಗ ಈ ಸ್ವಿಚ್ ಬರ್ನರ್ ಆರಿಸುತ್ತದೆ. ಆರಿಸದಿದ್ದರೆ ಲೋಹ ಕಾದು ಕಾದು ಬಿರುಕು ಬಿಡಬಹುದು. ಬಿರುಕು ಬಿಟ್ಟರೆ ಉರಿದ ಹೊಗೆ ಕೋಣೆಗಳಿಗೆ ಹೋಗುವ ಗಾಳಿಗೆ ಸೇರಬಹುದು. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಇದ್ದರೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಯಾರಿಗೂ ಗೊತ್ತಾಗುವುದಿಲ್ಲ.

ಆ ದಿನದ ನಿಮ್ಮ ಸರ್ವಿಸ್ ಶೀಟ್ ನನ್ನ ಮುಂದೆ ಇದೆ. "ಸುರಕ್ಷಾ ಸ್ವಿಚ್‌ಗಳ ಪರೀಕ್ಷೆ" ಅನ್ನುವ ಸಾಲಿನ ಎದುರು ಚೆನ್ನಾಗಿ ಒಂದು ಟಿಕ್ ಹಾಕಿದ್ದಾರೆ.

ವೈರ್ ಒಂದೇ ಆಗಿದ್ದರೆ ಈ ಪತ್ರ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಆ ವೈರ್ ಹಾಕುವ ಪರಿಸ್ಥಿತಿ ತಂದವರೂ ನೀವೇ. ಅದನ್ನು ಮೊದಲಿನಿಂದ ಹೇಳಬೇಕು.

ಬೇಸಿಗೆಗೆ ಮುಂಚೆ ನಾವು ನಿಮ್ಮನ್ನು ಕರೆಸಿದ್ದು ಒಂದು ಸಣ್ಣ ದೂರಿಗೆ. ಗಾಳಿ ತಳ್ಳುವ ಫ್ಯಾನ್, ಅಂದರೆ ಬ್ಲೋವರ್, ಶುರುವಾದಾಗ ಅದರ ಬೆಲ್ಟ್ ಕಿರ್ರೆಂದು ಕೂಗುತ್ತಿತ್ತು. ಬಂದವರು ಅರ್ಧ ಗಂಟೆ ಛಾವಣಿ ಮೇಲಿದ್ದು, ಸದ್ದು ನಿಲ್ಲಿಸಿ ಇಳಿದರು. ನಮಗೂ ಖುಷಿಯಾಯಿತು. "ಮೋಟರ್ ಆಂಪ್ ಕೂಡ ಇಳಿದಿದೆ, ನಿಮಗೆ ಕರೆಂಟ್ ಉಳಿತಾಯ" ಅಂದರು. ನಾನು ಥ್ಯಾಂಕ್ಸ್ ಬೇರೆ ಹೇಳಿದೆ.

ಅವರು ಮಾಡಿದ್ದು ಏನು ಅಂತ ಗೊತ್ತಾಗಿದ್ದು ತಿಂಗಳುಗಳ ನಂತರ. ಮೋಟರ್ ಪುಲ್ಲಿಯ ಎರಡು ತಟ್ಟೆಗಳನ್ನು ತಿರುಗಿಸಿ ದೂರ ಮಾಡಿದ್ದರು. ಹಾಗೆ ಮಾಡಿದರೆ ಬೆಲ್ಟ್ ಪುಲ್ಲಿಯ ಒಳಕ್ಕೆ ಇಳಿಯುತ್ತದೆ, ಬ್ಲೋವರ್ ನಿಧಾನವಾಗುತ್ತದೆ, ಹೊರೆ ಕಮ್ಮಿಯಾಗಿ ಬೆಲ್ಟ್ ಜಾರುವುದು ನಿಲ್ಲುತ್ತದೆ. ಯೂನಿಟ್ ಕೂರಿಸಿದ ದಿನದ ವರದಿಯಲ್ಲಿ ಪುಲ್ಲಿ ಅರ್ಧ ಸುತ್ತು ಮಾತ್ರ ತೆರೆದಿತ್ತು, ಬ್ಲೋವರ್ ನಿಮಿಷಕ್ಕೆ 960 ಸುತ್ತು ತಿರುಗುತ್ತಿತ್ತು. ನಿಮ್ಮ ಭೇಟಿಯ ನಂತರ 5 ಸುತ್ತು ತೆರೆದಿತ್ತು, ವೇಗ 780ಕ್ಕೆ ಇಳಿದಿತ್ತು. ಆಂಪ್ ಇಳಿಯದೆ ಇನ್ನೇನು? ಫ್ಯಾನಿನ ವೇಗ ನೂರಕ್ಕೆ 20 ಇಳಿದರೆ ಮೋಟರ್ ಮೇಲಿನ ಹೊರೆ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಕೆಲಸ ಕಮ್ಮಿ ಮಾಡಿದ್ದಕ್ಕೆ ಉಳಿತಾಯ ಅಂತ ಹೆಸರು ಕೊಟ್ಟಿದ್ದರು.

ಬೆಲ್ಟ್ ಕೂಗಲು ನಿಜವಾದ ಕಾರಣ ಬೇರೆಯೇ ಇತ್ತು. ಬೆಲ್ಟಿನ ಬದಿಗಳು ಸವೆದು ಗಾಜಿನ ಹಾಗೆ ನುಣುಪಾಗಿದ್ದವು. ಎರಡು ಪುಲ್ಲಿ ಒಂದೇ ಸಾಲಿನಲ್ಲಿ ಇರಲಿಲ್ಲ, 6 ಮಿಲಿಮೀಟರ್ ಆಚೀಚೆ ಇದ್ದವು. ಒಂದು ನೇರ ಪಟ್ಟಿ ಇಟ್ಟು ನೋಡಿದ್ದರೆ ಕಣ್ಣಿಗೇ ಕಾಣುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಹಾಗಾಯಿತು ಇದು.

ಎರಡನೇ ಭೇಟಿ ಮೂರು ವಾರದ ನಂತರ. ಬೆಳಗ್ಗೆ ಗಾಳಿ ತುಂಬಾ ತಣ್ಣಗೆ ಬರುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಗಾಳಿಯೇ ಇಲ್ಲ. ಸಂಜೆ ಸೀಲಿಂಗಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನಿಮ್ಮವರು ಗ್ರಿಲ್ಲಿನಲ್ಲಿ ಥರ್ಮಾಮೀಟರ್ ಇಟ್ಟು ತೋರಿಸಿದರು: ಒಳಗೆ ಹೋಗುವ ಗಾಳಿ 25 ಡಿಗ್ರಿ, ಹೊರಗೆ ಬರುವುದು 10 ಡಿಗ್ರಿ. "ನೋಡಿ, ಎಷ್ಟು ಚೆನ್ನಾಗಿ ತಂಪು ಮಾಡುತ್ತಿದೆ" ಅಂದರು. 15 ಡಿಗ್ರಿ ವ್ಯತ್ಯಾಸ! ಸಾಮಾನ್ಯವಾಗಿ ಅದು 9ರಿಂದ 12ರ ಒಳಗೆ ಇರಬೇಕು. ಜಾಸ್ತಿ ತಣ್ಣಗಿದೆ ಅಂದರೆ ಗಾಳಿಯನ್ನು ತಂಪು ಮಾಡುವ ಕಾಯಿಲ್ ಮೇಲೆ ಗಾಳಿ ಕಮ್ಮಿ ಹರಿಯುತ್ತಿದೆ ಅಂತ. ಕಾಯಿಲೆಯ ಗುರುತನ್ನೇ ಆರೋಗ್ಯದ ಗುರುತು ಅಂತ ತೋರಿಸಿ ಹೋದರು.

ಆಮೇಲೆ ಗೇಜ್ ಹಾಕಿದರು. ಸಕ್ಷನ್, ಅಂದರೆ ಕಾಯಿಲ್‌ನಿಂದ ಕಂಪ್ರೆಸರ್‌ಗೆ ವಾಪಸ್ ಹೋಗುವ ಗ್ಯಾಸಿನ ಒತ್ತಡ, 95 ಪಿಎಸ್‌ಐ. ತಕ್ಷಣ ತೀರ್ಪು: "ಗ್ಯಾಸ್ ಕಮ್ಮಿ." ಇಲ್ಲಿ ಗ್ಯಾಸ್ ಅಂದರೆ ತಂಪು ಮಾಡುವ ಆರ್-410ಎ, ಬರ್ನರಿನದ್ದಲ್ಲ. 95 ಪಿಎಸ್‌ಐನಲ್ಲಿ ಈ ಗ್ಯಾಸ್ ಸೊನ್ನೆಗಿಂತ ಕೆಳಗಿನ ಉಷ್ಣತೆಯಲ್ಲಿ ಕುದಿಯುತ್ತದೆ, ಹಾಗಾಗಿ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟುವುದು ಸಹಜ. ಆದರೆ ಸಕ್ಷನ್ ಇಳಿಯಲು ಕಾರಣ ಒಂದೇ ಅಲ್ಲ. ಗ್ಯಾಸ್ ಕಮ್ಮಿಯಾದರೂ ಇಳಿಯುತ್ತದೆ, ಗಾಳಿ ಕಮ್ಮಿಯಾದರೂ ಇಳಿಯುತ್ತದೆ. ಎರಡನ್ನೂ ಬೇರ್ಪಡಿಸಲು ಸೂಪರ್‌ಹೀಟ್ (ಗ್ಯಾಸ್ ಕುದಿದ ಮೇಲೆ ಇನ್ನೆಷ್ಟು ಡಿಗ್ರಿ ಕಾದಿದೆ) ಮತ್ತು ಸಬ್‌ಕೂಲಿಂಗ್ (ದ್ರವವಾದ ಮೇಲೆ ಇನ್ನೆಷ್ಟು ಡಿಗ್ರಿ ತಣ್ಣಗಾಗಿದೆ) ನೋಡಬೇಕು. ಗ್ಯಾಸ್ ಕಮ್ಮಿ ಇದ್ದರೆ ಸೂಪರ್‌ಹೀಟ್ ಏರುತ್ತದೆ, ಸಬ್‌ಕೂಲಿಂಗ್ ಇಳಿಯುತ್ತದೆ. ಗಾಳಿ ಕಮ್ಮಿ ಇದ್ದರೆ ಸೂಪರ್‌ಹೀಟ್ ಏರುವುದಿಲ್ಲ, ಸಬ್‌ಕೂಲಿಂಗ್ ಇಳಿಯುವುದೂ ಇಲ್ಲ. ಇದಕ್ಕೆ ಬೇಕಾಗುವುದು ಪೈಪಿಗೆ ಕಟ್ಟುವ ಒಂದು ಥರ್ಮಾಮೀಟರ್ ಮತ್ತು ಹತ್ತು ನಿಮಿಷ. ಅದಕ್ಕೂ ಮುಂಚೆ ಮಂಜು ಕರಗುವ ತನಕ ಕಾಯಬೇಕು, ಅಷ್ಟೇ.

ಕಾಯಲಿಲ್ಲ. ಯೂನಿಟ್‌ನ ಎರಡೂ ಗ್ಯಾಸ್ ಸರ್ಕಿಟ್‌ಗೆ ಸೇರಿ 1.8 ಕೆಜಿ ಗ್ಯಾಸ್ ತುಂಬಿದರು. ಎಲ್ಲಿ ಸೋರಿತು ಅಂತ ನಾನು ಕೇಳಿದೆ. "ಓಡಿ ಓಡಿ ಸ್ವಲ್ಪ ಖರ್ಚಾಗುತ್ತದೆ" ಅಂದರು. ಇದು ಮುಚ್ಚಿದ ವ್ಯವಸ್ಥೆ, ಅಲ್ವಾ? ಗ್ಯಾಸ್ ಅದರಲ್ಲಿ ಸುತ್ತುತ್ತದೆ, ಪೆಟ್ರೋಲಿನ ಹಾಗೆ ಖರ್ಚಾಗುವುದಿಲ್ಲ. ಕಮ್ಮಿಯಾಗಿದೆ ಅಂದರೆ ಎಲ್ಲೋ ಸೋರಿಕೆ ಇರಲೇಬೇಕು. ಶೀಟಿನಲ್ಲಿ "ಸೋರಿಕೆ ಪರೀಕ್ಷೆ" ಎದುರು ಟಿಕ್ ಇದೆ. ಎಲ್ಲಿ, ಹೇಗೆ ನೋಡಿದರು, ಏನು ಸಿಕ್ಕಿತು ಅಂತ ಒಂದು ಅಕ್ಷರವೂ ಇಲ್ಲ.

"ಫಿಲ್ಟರ್ ಬದಲಾವಣೆ" ಎದುರೂ ಟಿಕ್ ಇದೆ. ನನಗೊಂದು ಅಭ್ಯಾಸ. ಹೊಸ ಫಿಲ್ಟರ್ ಹಾಕಿದಾಗ ಅದರ ರಟ್ಟಿನ ಚೌಕಟ್ಟಿನ ಮೇಲೆ ಮಾರ್ಕರ್‌ನಿಂದ ದಿನಾಂಕ ಬರೆಯುತ್ತೇನೆ. ಮಳೆಗಾಲ ಮುಗಿದ ಮೇಲೆ ನಾನೇ ಬಾಗಿಲು ತೆಗೆದು ನೋಡಿದೆ. ನಿಮ್ಮ ಮೊದಲ ಭೇಟಿಗೂ ನಾಲ್ಕು ತಿಂಗಳು ಹಿಂದೆ ನಾನು ಬರೆದ ಅಕ್ಷರ ಅಲ್ಲೇ ಇತ್ತು, ನನ್ನದೇ ಸೊಟ್ಟ ಕೈಬರಹ. ಫಿಲ್ಟರ್ ಕಂಬಳಿಯ ಹಾಗೆ ದಪ್ಪಗಾಗಿತ್ತು. ಬದಲಾಯಿಸಿದ್ದಕ್ಕೆ ಮಾತ್ರ ಬಿಲ್ ಎರಡು ಸಲ ಬಂದಿದೆ.

ಮೂರನೇ ಭೇಟಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಿಸಿಲು ಜಾಸ್ತಿ ಇದ್ದ ಒಂದು ಮಧ್ಯಾಹ್ನ ಹೈ ಪ್ರೆಶರ್ ಟ್ರಿಪ್ ಆಗಿ, ಅಂದರೆ ಗ್ಯಾಸಿನ ಒತ್ತಡ ಮಿತಿ ಮೀರಿ, ಯೂನಿಟ್ ನಿಂತಿತು. ಜಾಸ್ತಿ ಗ್ಯಾಸ್ ತುಂಬಿದರೆ ಇನ್ನೇನಾಗುತ್ತದೆ? ಬಂದವರು ರಿಸೆಟ್ ಒತ್ತಿ, ಶಾಖವನ್ನು ಹೊರಗೆ ಬಿಡುವ ಕಂಡೆನ್ಸರ್ ಕಾಯಿಲ್‌ಗೆ ಹೊರಗಿನಿಂದ ನೀರು ಹೊಡೆದು ಹೋದರು. ನಮ್ಮದು ಎರಡು ಪದರದ ಕಾಯಿಲ್. ಕಸ ಇರುವುದು ಎರಡು ಪದರಗಳ ನಡುವೆ. ಹೊರಗಿನಿಂದ ನೀರು ಹೊಡೆದರೆ ಅದು ಇನ್ನೂ ಒಳಕ್ಕೆ ಹೋಗಿ ಗಟ್ಟಿಯಾಗುತ್ತದೆ. ಹೋಗುವಾಗ ಪ್ಯಾನೆಲ್‌ನ ನಾಲ್ಕು ಸ್ಕ್ರೂ ಹಾಕಿರಲಿಲ್ಲ. ಅವನ್ನು ಛಾವಣಿಯ ಜಲ್ಲಿಯಲ್ಲಿ ನಾನು ಹುಡುಕಿ ತೆಗೆದೆ.

ಚಳಿ ಶುರುವಾದಾಗ ಅದೇ ಹಳೆಯ ತಪ್ಪು ಬೇರೆ ವೇಷದಲ್ಲಿ ಬಂತು. ಬರ್ನರ್ ನಾಲ್ಕೈದು ನಿಮಿಷ ಉರಿದು ಆರುತ್ತಿತ್ತು, ತಣ್ಣಗಾದ ಮೇಲೆ ಮತ್ತೆ ಹತ್ತುತ್ತಿತ್ತು. ಗಾಳಿ ಕಮ್ಮಿ, ಶಾಖ ಜಾಸ್ತಿ, ಲಿಮಿಟ್ ಸ್ವಿಚ್ ತನ್ನ ಕೆಲಸ ಮಾಡುತ್ತಿತ್ತು. ಇಷ್ಟು ತಿಂಗಳಲ್ಲಿ ಆ ಛಾವಣಿ ಮೇಲೆ ತನ್ನ ಕೆಲಸ ಸರಿಯಾಗಿ ಮಾಡಿದ್ದು ಅದೊಂದೇ. ನಾಲ್ಕನೇ ಸಲ ಬಂದ ನಿಮ್ಮ ಟೆಕ್ನಿಷಿಯನ್ "ಸ್ವಿಚ್ ವೀಕ್ ಆಗಿದೆ, ಹೊಸದು ತರಿಸುತ್ತೇವೆ, ಅಲ್ಲಿಯವರೆಗೆ ತಾತ್ಕಾಲಿಕ ವ್ಯವಸ್ಥೆ ಮಾಡಿದ್ದೇನೆ" ಅಂದರು. ಆ ವ್ಯವಸ್ಥೆ ಏನು ಅಂತ ಹೇಳಲಿಲ್ಲ. ನಾನೂ ಕೇಳಲಿಲ್ಲ, ಅದು ನನ್ನ ತಪ್ಪು. ಹೊಸ ಸ್ವಿಚ್ ಬರಲಿಲ್ಲ. ನಾನು ಮೂರು ಸಲ ಫೋನ್ ಮಾಡಿದೆ. "ಬರ್ತಾರೆ ಸರ್" ಅನ್ನುವುದು ಬಿಟ್ಟರೆ ಬೇರೆ ಉತ್ತರ ಸಿಗಲಿಲ್ಲ. ಒಂಬತ್ತನೇ ದಿನ ಗ್ರಿಲ್ಲಿನ ಹತ್ತಿರ ಕಾದ ಲೋಹದ ವಾಸನೆ ಬಂತು. ನಾನು ಯೂನಿಟ್ ಆಫ್ ಮಾಡಿ ಬೇರೆ ಕಡೆಯಿಂದ ಒಬ್ಬರನ್ನು ಕರೆಸಿದೆ.

ಅವರು ಮಾಡಿದ್ದನ್ನೂ ಬರೆಯುತ್ತೇನೆ. ಇದರಲ್ಲಿ ಮಾಯಾಜಾಲ ಏನೂ ಇಲ್ಲ. ವೈರ್ ತೆಗೆಯುವ ಮೊದಲು, ನಾವಿಬ್ಬರೂ ಪಕ್ಕದಲ್ಲೇ ನಿಂತು, ಸ್ವಲ್ಪ ಹೊತ್ತು ಮಾತ್ರ ಬರ್ನರ್ ಓಡಿಸಿ ಅಳೆದರು. ಯೂನಿಟ್‌ನ ಫಲಕದಲ್ಲಿ ಗಾಳಿಯ ಉಷ್ಣತೆ 19ರಿಂದ 36 ಡಿಗ್ರಿ ಏರಬಹುದು ಅಂತ ಇದೆ. ಏರಿದ್ದು 47 ಡಿಗ್ರಿ. ತಕ್ಷಣ ಆಫ್ ಮಾಡಿ ವೈರ್ ಕಿತ್ತರು. ಆಮೇಲೆ ಡಕ್ಟಿನ ಒತ್ತಡ ಅಳೆದು, ಪ್ಯಾನೆಲ್ ಒಳಗೆ ಅಂಟಿಸಿದ ಬ್ಲೋವರ್ ಕೋಷ್ಟಕಕ್ಕೆ ಹೋಲಿಸಿದರು. ಹರಿಯುತ್ತಿದ್ದ ಗಾಳಿ ಸುಮಾರು 2,500 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ). ಟನ್ನಿಗೆ 350ರಿಂದ 400ರ ಲೆಕ್ಕದಲ್ಲಿ 10 ಟನ್‌ಗೆ ಇರಬೇಕಾಗಿದ್ದು 3,500ರಿಂದ 4,000. ಯೂನಿಟ್ ಕೂರಿಸಿದ ದಿನ 3,900 ಇತ್ತು ಅಂತ ನನ್ನ ಫೈಲಿನಲ್ಲೇ ಇದೆ.

ಫಿಲ್ಟರ್ ಬದಲಾಯಿಸಿದರು. ಬ್ಲೋವರ್ ಚಕ್ರದ ರೆಕ್ಕೆಗಳಿಗೆ ಮೆತ್ತಿದ್ದ ಧೂಳು ಕೆರೆದರು. ಪುಲ್ಲಿಗಳನ್ನು ಸಾಲಿಗೆ ತಂದು ಹೊಸ ಬೆಲ್ಟ್ ಹಾಕಿ, 50 ಸೆಂಟಿಮೀಟರ್ ಅಂತರದ ನಡುವೆ ಒತ್ತಿದರೆ ಸುಮಾರು 8 ಮಿಲಿಮೀಟರ್ ಬಗ್ಗುವ ಹಾಗೆ ಬಿಗಿ ಮಾಡಿದರು. ಪುಲ್ಲಿಯನ್ನು ಅರ್ಧ ಸುತ್ತಿಗೆ ವಾಪಸ್ ತಂದು ಮೋಟರ್ ಆಂಪ್ ನೋಡಿದರು, ಫಲಕದ ಮಿತಿಯ ಒಳಗೇ ಇತ್ತು. ಬೆಲ್ಟ್ ಕೂಗಲಿಲ್ಲ. ಬರ್ನರ್ ಓಡಿಸಿದರೆ ಏರಿಕೆ 30 ಡಿಗ್ರಿ. "ವೀಕ್" ಆಗಿದ್ದ ಅದೇ ಹಳೆಯ ಸ್ವಿಚ್ ಆಗ ಬರ್ನರ್ ಓಡಿದಷ್ಟು ಹೊತ್ತೂ ಒಂದು ಸಲ ಕೂಡ ಟ್ರಿಪ್ ಆಗಲಿಲ್ಲ. ಹೊರಗೆ ಸ್ವಲ್ಪ ಬೆಚ್ಚಗಿದ್ದ ಇನ್ನೊಂದು ದಿನ ಬಂದು ಸಬ್‌ಕೂಲಿಂಗ್ ನೋಡಿ, ಜಾಸ್ತಿ ಇದ್ದ ಗ್ಯಾಸನ್ನು ಸಿಲಿಂಡರಿಗೆ ಎಳೆದುಕೊಂಡರು. ತೂಕ ಹಾಕಿದರೆ 1.7 ಕೆಜಿ. ಅಂದರೆ ನೀವು ತುಂಬಿದ್ದು ಬೇಕೇ ಇರಲಿಲ್ಲ. ಆರ್-410ಎ ಗಾಳಿಗೆ ಬಿಟ್ಟರೆ ಇಂಗಾಲದ ಡೈಆಕ್ಸೈಡಿಗಿಂತ 2,000 ಪಟ್ಟು ಜಾಸ್ತಿ ಬಿಸಿ ಹಿಡಿದಿಡುತ್ತದೆ, ಅದಕ್ಕೇ ಸುಮ್ನೆ ಊದಿ ಬಿಡಲಿಲ್ಲ ಅಂದರು.

ಅವರ ವರದಿಯಲ್ಲಿ ಒಂದೂ ಟಿಕ್ ಇಲ್ಲ. ಪ್ರತಿ ಸಾಲಿನಲ್ಲೂ ಅಂಕಿ ಇದೆ: ಮೊದಲು ಎಷ್ಟಿತ್ತು, ಈಗ ಎಷ್ಟಿದೆ. ನಿಮ್ಮ ನಾಲ್ಕು ಶೀಟುಗಳಲ್ಲಿ ಒಟ್ಟು 88 ಟಿಕ್‌ಗಳಿವೆ, ಎಣಿಸಿದ್ದೇನೆ. ಅಂಕಿ ಇರುವುದು ಒಂದೇ ಕಡೆ, ತುಂಬಿದ ಗ್ಯಾಸಿನ ತೂಕದ ಎದುರು. ಅದು ಬಿಲ್ಲಿಗೆ ಬೇಕಿತ್ತು, ಅದಕ್ಕೆ ಬರೆದಿದ್ದೀರಿ.

ಬಂದ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಒಬ್ಬರಿಗೆ ದಿನಕ್ಕೆ ಏಳೆಂಟು ಕಟ್ಟಡ ಕೊಟ್ಟು ಓಡಿಸಿದರೆ ಯಾರು ಥರ್ಮಾಮೀಟರ್ ಕಟ್ಟಿ ಹತ್ತು ನಿಮಿಷ ಕೂರುತ್ತಾರೆ? ಆ ಶೀಟ್ ಅಚ್ಚು ಹಾಕಿಸಿದವರು ನೀವು. ಅದರಲ್ಲಿ ಅಂಕಿ ಬರೆಯಲು ಜಾಗವನ್ನೇ ಇಟ್ಟಿಲ್ಲ.

ಈಗ ನಮಗೆ ಬೇಕಾಗಿದ್ದು ಇಷ್ಟು. ಮೊದಲನೆಯದು, ಹೀಟ್ ಎಕ್ಸ್‌ಚೇಂಜರನ್ನು ಕ್ಯಾಮೆರಾ ಹಾಕಿ ಪೂರ್ತಿ ಪರೀಕ್ಷೆ ಮಾಡಿಸಬೇಕು, ಕೋಣೆಗೆ ಬರುವ ಗಾಳಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಳೆಯಬೇಕು, ಖರ್ಚು ನಿಮ್ಮದು. 9 ದಿನ ಅತಿಯಾಗಿ ಕಾದ ಲೋಹದ ಮೇಲೆ ನನಗೆ ನಂಬಿಕೆ ಇಲ್ಲ. ಪರೀಕ್ಷೆ ಆಗುವವರೆಗೆ ಹೀಟಿಂಗ್ ಆಫ್ ಇಟ್ಟಿದ್ದೇವೆ, ಜನ ಸ್ವೆಟರ್ ಹಾಕಿಕೊಂಡು ಕೂತಿದ್ದಾರೆ. ಪರೀಕ್ಷೆ ನೀವೇ ಮಾಡುವುದು ಬೇಡ, ನಿಮಗೂ ನಮಗೂ ಸಂಬಂಧ ಇಲ್ಲದವರು ಮಾಡಲಿ. ಬಿರುಕು ಸಿಕ್ಕರೆ ಬದಲಾಯಿಸುವುದು ನಿಮ್ಮ ಹೊಣೆ.

1.8 ಕೆಜಿ ಗ್ಯಾಸ್, ಹಾಕದ ಫಿಲ್ಟರ್ ಮತ್ತು ನಾಲ್ಕನೇ ಭೇಟಿಯ ಹಣ ವಾಪಸ್ ಕೊಡಿ. ಬೇರೆಯವರಿಗೆ ನಾವು ಕೊಟ್ಟ ಹಣದ ಬಿಲ್ ಪ್ರತಿಯೂ ಇದರ ಜೊತೆ ಇದೆ, ಅದನ್ನೂ ತುಂಬಿಕೊಡಿ. ಒದ್ದೆಯಾದ ಆರು ಸೀಲಿಂಗ್ ಹಲಗೆಗಳನ್ನು ನಾವೇ ಬದಲಾಯಿಸಿದ್ದೇವೆ, ಅದನ್ನು ಕೇಳುತ್ತಿಲ್ಲ.

ವೈರ್ ವಿಷಯದಲ್ಲಿ ಮಾತ್ರ ಲಿಖಿತ ಉತ್ತರ ಬೇಕು. ಯಾರ ಒಪ್ಪಿಗೆ ಮೇಲೆ ಹಾಕಿದರು? ಶೀಟಿನಲ್ಲಿ ಯಾಕೆ ಬರೆಯಲಿಲ್ಲ? ಇದೇ "ತಾತ್ಕಾಲಿಕ ವ್ಯವಸ್ಥೆ" ನೀವು ನೋಡಿಕೊಳ್ಳುವ ಬೇರೆ ಎಷ್ಟು ಛಾವಣಿಗಳ ಮೇಲಿದೆ? ಕೊನೆಯ ಪ್ರಶ್ನೆಗೆ ಉತ್ತರ ನನಗೆ ಕೊಡದಿದ್ದರೂ ಪರವಾಗಿಲ್ಲ, ಇವತ್ತೇ ಜನ ಕಳಿಸಿ ನೋಡಿಸಿ.

ಹತ್ತು ದಿನದೊಳಗೆ ಉತ್ತರ ಬರದಿದ್ದರೆ ಒಪ್ಪಂದ ರದ್ದು ಮಾಡಿ, ಈ ಫೋಟೋ ಮತ್ತು ಎರಡೂ ವರದಿಗಳನ್ನು ಗ್ರಾಹಕರ ದೂರು ಕೇಳುವ ಕಚೇರಿಗೆ ಕೊಡುತ್ತೇವೆ. ಪರೀಕ್ಷೆಗೆ ಬರುವವರು ಒಂದು ದಿನ ಮುಂಚೆ ಫೋನ್ ಮಾಡಲಿ. ಛಾವಣಿ ಬಾಗಿಲಿನ ಕೀ ನನ್ನ ಹತ್ತಿರ ಇದೆ, ನಾನೂ ಜೊತೆಗೆ ಮೇಲೆ ಬರುತ್ತೇನೆ.

ಇಂತಿ,
ಕಟ್ಟಡದ ಮೇಲ್ವಿಚಾರಕ

ಲಗತ್ತು: ವೈರ್ ಮತ್ತು ಹಳೆಯ ಫಿಲ್ಟರಿನ ಫೋಟೋ, ನಿಮ್ಮ ನಾಲ್ಕು ಸರ್ವಿಸ್ ಶೀಟುಗಳ ಪ್ರತಿ, ಎರಡನೇ ಟೆಕ್ನಿಷಿಯನ್ನರ ವರದಿ ಮತ್ತು ಬಿಲ್, ಯೂನಿಟ್ ಕೂರಿಸಿದ ದಿನದ ವರದಿ