ಕಾಫಿಗೆ ಬೆಲೆ ಬಂತು, ಲೈನ್ ಮನೆಗೆ ಏನು ಬಂತು?

ಸಂಪಾದಕರೇ,

2024-25ರಲ್ಲಿ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಸಿಕ್ಕಿತು. ಕೊಡಗಿನ ಸಿದ್ದಾಪುರದ ಬಳಿ ನಾಲ್ಕು ಎಕರೆ ತೋಟವಿರುವ ನಾನೂ ಹಳೆಯ ಸಾಲ ತೀರಿಸಿದೆ. ಆ ಹಣ್ಣು ಕುಯ್ದ ಯರವ, ಪಣಿಯ, ಜೇನುಕುರುಬ ಆದಿವಾಸಿ ಕುಟುಂಬಗಳಲ್ಲಿ ಎಷ್ಟೋ ಇಂದಿಗೂ ಲೈನ್ ಮನೆಯ, ಅಂದರೆ ಕಾರ್ಮಿಕರಿಗಾಗಿ ತೋಟದಲ್ಲಿ ಸಾಲಾಗಿ ಕಟ್ಟಿದ ಮನೆಯ, ಒಂದೇ ಕೋಣೆಯಲ್ಲಿವೆ.

ಕೂಲಿ ಹೆಚ್ಚಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ನಾವು ಬೆಳೆಗಾರರು ಹೇಳಿಕೊಳ್ಳುತ್ತೇವೆ. ನನಗೆ ಹಾಗನ್ನಿಸುವುದಿಲ್ಲ. ಲೈನ್ ಮನೆ ಕೆಲಸದೊಂದಿಗೆ ಬರುತ್ತದೆ, ಕೆಲಸದೊಂದಿಗೇ ಹೋಗುತ್ತದೆ. ಮಾಲೀಕರಿಂದ ಪಡೆದ ಮುಂಗಡ ತೀರುವವರೆಗೆ ತೋಟ ಬಿಡುವಂತಿಲ್ಲ, ಬಿಟ್ಟರೆ ಸೂರಿಲ್ಲ. ಸ್ವಂತ ವಿಳಾಸವಿಲ್ಲದವರಿಗೆ ಪಡಿತರ ಚೀಟಿಗೂ ಅಲೆದಾಟ. ತೋಟ ಬದಲಾದಾಗಲೆಲ್ಲ ಮಕ್ಕಳ ಶಾಲೆ ತಪ್ಪುತ್ತದೆ. 1951ರ ತೋಟ ಕಾರ್ಮಿಕರ ಕಾಯ್ದೆ ವಸತಿಯ ಹೊಣೆಯನ್ನು ಮಾಲೀಕರಿಗೆ ವಹಿಸಿತ್ತು, ನಿಜ. ಆದರೆ ಅದು ಕೊಟ್ಟದ್ದು ವಾಸಕ್ಕೆ ಜಾಗ, ಹಕ್ಕುಪತ್ರವನ್ನಲ್ಲ.

ಲೈನ್ ಮನೆಯ ಬದುಕು ಬೇಡವೆಂದು ನಮ್ಮ ಜಿಲ್ಲೆಯ ದಿಡ್ಡಳ್ಳಿಯಲ್ಲಿ ಗುಡಿಸಲು ಕಟ್ಟಿಕೊಂಡವರನ್ನು 2016ರ ಡಿಸೆಂಬರ್‌ನಲ್ಲಿ ಒಕ್ಕಲೆಬ್ಬಿಸಲಾಯಿತು. ದೀರ್ಘ ಹೋರಾಟದ ನಂತರವಷ್ಟೇ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಪುನರ್ವಸತಿ ದೊರೆಯಿತು. ಇತ್ತ ಬೆಳೆಗಾರರು ಒತ್ತುವರಿ ಮಾಡಿದ ಸರ್ಕಾರಿ ಜಾಗವನ್ನು 25 ಎಕರೆವರೆಗೆ 30 ವರ್ಷ ಗುತ್ತಿಗೆಗೆ ಕೊಡಲು ಕಾನೂನೇ ತಿದ್ದುಪಡಿಯಾಗಿದೆ. ನನ್ನ ಕಸುಬಿನವರಿಗೆ ಸಿಕ್ಕ ಈ ಉದಾರತೆ, ಮೂರು ಸೆಂಟ್ ಜಾಗ ಕೇಳುವವರಿಗೆ ಏಕಿಲ್ಲ?

ಗ್ರಾಮ ಪಂಚಾಯಿತಿಗಳು ಲೈನ್ ಮನೆಗಳ ಕುಟುಂಬಗಳನ್ನು ಪಟ್ಟಿ ಮಾಡಲಿ. ಪೈಸಾರಿ (ಸರ್ಕಾರಿ) ಜಾಗ ಗುತ್ತಿಗೆಗೆ ಹೋಗುವ ಮೊದಲು ಅವರಿಗೆ ನಿವೇಶನ ತೆಗೆದಿಡಲಿ. ಈ ಮಳೆಗಾಲಕ್ಕೆ ಮುನ್ನವೇ ಜಿಲ್ಲಾಡಳಿತ ಈ ಕೆಲಸ ಆರಂಭಿಸಬೇಕೆಂದು ಕೋರುತ್ತೇನೆ.

— ಒಬ್ಬ ಸಣ್ಣ ಬೆಳೆಗಾರ, ಸಿದ್ದಾಪುರ, ಕೊಡಗು